ಮನಿ ನಂಬರ

ತಸ್ಲೀಮಳಿಗೆ ಕೋರ್ಟು ಅಂದರೆ ಏನೆಂದು ಕಲಿಸಿದವನು ಅವಳ ಗಂಡ. ಪುಣ್ಯಾತ್ಮ ಅದೊಂದನ್ನು ಬಿಟ್ಟು ಬೇರೇನನ್ನೂ ಕಲಿಸಲಿಲ್ಲ. ಬೆಟಗೇರಿಯ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಅವನು ಮದುವೆಯಾದ ಐದನೆಯ ವರ್ಷ ಇವಳನ್ನು ಸೊರಟೂರಿನ ಬಸ್ಸು ಹತ್ತಿಸಿ, ಮೂರು ವರ್ಷದ ಮಗಳು ನೂರೀನಳನ್ನು ತನ್ನಲ್ಲೇ ಇಟ್ಟುಕೊಂಡ. ‘ನಾಕ ದಿನ ತವರಮನ್ಯಾಗ ಇದ್ದು ಬಾ’ ಎಂದಿದ್ದ. ಅವನು ಇನ್ನೊಂದು ನಿಕಾಹ ಮಾಡಿಕೊಂಡ ಖಬರು ಸೊರಟೂರಿಗೆ ಮುಟ್ಟಲು ಹದಿನೈದು ದಿನ ಬೇಕಾಯಿತು.

ತಂದೆ ಮಾಶಾಕಸಾಬರು ಊರೂರು ತಿರುಗಿ ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿ ಬದುಕಿದವರು. ಮಗಳು ಮೂಲೆಯಲ್ಲಿ ಕುಳಿತು ಅಳುವುದನ್ನು ಒಂದು ವಾರ ನೋಡಿದರು. ಎಂಟನೆಯ ದಿನ ಅವರಿಗೆ ಸಾಕಾಯಿತು.

‘ನಮ್ಮ ಕಾಲದಾಗ ಆಗಿದ್ರ ಧಾರವಾಡಕ್ಕ ಎಡತಾಕಬೇಕಾಗಿತ್ತವಾ. ಈಗ ಗದಗ ಜಿಲ್ಲಾ ಆಗೇತಿ. ಹೋಗು, ಕೂಸನ್ನ ತೊಗೊಂಡು ಬಾ,’ ಎಂದರು, ಕೂಸು ಎಲ್ಲೋ ಪಕ್ಕದ ಮನೆಯಲ್ಲಿ ಆಡುತ್ತ ಕುಳಿತಿದೆ ಎಂಬಂತೆ.

ಆ ಕೂಸನ್ನು ತರಲು ನಾಲ್ಕು ವರ್ಷ ಹಿಡಿಯಿತು. ತಿಂಗಳಿಗೊಂದು ತಾರೀಖು. ಬೆಳಗಿನ ಬಸ್ಸಿಗೆ ಗದಗಕ್ಕೆ ಹೋಗುವುದು, ಕೋರ್ಟಿನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂರುವುದು, ಎದುರಿನ ವಕೀಲರಿಗೆ ಜ್ವರವೆಂದೋ ಸಾಹೇಬರು ರಜೆಯೆಂದೋ ಕೇಳಿಸಿಕೊಂಡು ಸಂಜೆಯ ಬಸ್ಸಿಗೆ ವಾಪಸು ಬರುವುದು. ಅವಳು ಒಂದೂ ತಾರೀಖು ತಪ್ಪಿಸಲಿಲ್ಲ. ಕೊನೆಗೆ ನೂರೀನಳ ಕೈಯನ್ನು ಇವಳ ಕೈಗೆ ಕೊಟ್ಟಾಗ ಆ ಹುಡುಗಿಗೆ ಏಳು ವರ್ಷ. ತಾಯಿಯ ಮುಖವನ್ನು ತಲೆಯೆತ್ತಿ ನೋಡಿ ‘ಖಾಲಾ’ ಎಂದು ಕರೆದಳು. ಚಿಕ್ಕಮ್ಮನನ್ನು ಕರೆಯುವ ಹಾಗೆ. ಗೆದ್ದ ದಿನ ತಸ್ಲೀಮ ಅತ್ತಷ್ಟು ಸೋತ ದಿನಗಳಲ್ಲಿ ಅತ್ತಿರಲಿಲ್ಲ.

ಈ ನಾಲ್ಕು ವರ್ಷವನ್ನು ಅವಳು ಮರೆಯಲಿಲ್ಲ. ಹಾಗಾಗಿಯೇ, ಮಗಳು ಕೈಗೆ ಬಂದು ಮೂರು ವರ್ಷವಾದ ಮೇಲೆ ಯಾವುದೋ ಸಂಸ್ಥೆಯವರು ಸೊರಟೂರಿಗೆ ಬಂದು ‘ಇನ್ನು ಮೇಲೆ ವಕೀಲರು ಕಂಪ್ಯೂಟರಿನಲ್ಲೇ ಬರುತ್ತಾರೆ, ನೀವು ಊರು ಬಿಟ್ಟು ಅಲೆಯಬೇಕಿಲ್ಲ, ನಡೆಸಲು ಒಬ್ಬರು ಬೇಕು’ ಎಂದಾಗ ಅವಳೇ ಮೊದಲು ಕೈಯೆತ್ತಿದಳು. ಹಿಟ್ಟಿನ ಗಿರಣಿಯ ಪಕ್ಕದ ಕೋಣೆಯೊಂದಕ್ಕೆ ಸುಣ್ಣ ಹೊಡೆದರು. ಒಂದು ಮೇಜು, ಒಂದು ಕಂಪ್ಯೂಟರು, ಅದರ ನೆತ್ತಿಯ ಮೇಲೆ ಕ್ಯಾಮೆರಾ, ಹೆಬ್ಬೆಟ್ಟು ಇಡಲು ಕೆಂಪು ಬೆಳಕು ಬೀರುವ ಪುಟ್ಟ ಗಾಜು. ಉದ್ಘಾಟನೆಗೆ ಬಂದವರು ನ್ಯಾಯವು ಮನೆ ಬಾಗಿಲಿಗೇ ಬಂದಿತೆಂದು ಭಾಷಣ ಮಾಡಿ, ಫೋಟೋ ತೆಗೆಸಿಕೊಂಡು ಹೋದರು. ಬಾಗಿಲಿನ ಒಳಗೆ ಏನಿರುತ್ತದೆಂದು ಅವರಿಗೇನು ಗೊತ್ತು!

ಮಂಗಳವಾರ, ಶುಕ್ರವಾರ ಹನ್ನೊಂದು ಗಂಟೆಗೆ ಪರದೆಯ ಮೇಲೆ ಗದಗದ ವಕೀಲೆ ಹರಿಪ್ರಿಯಾ ಬರುತ್ತಿದ್ದರು. ಮೂವತ್ತು ದಾಟದ, ಕನ್ನಡಕದ, ಎಷ್ಟು ಕೇಳಿದರೂ ಬೇಸರ ಮಾಡಿಕೊಳ್ಳದ ಹೆಣ್ಣುಮಗಳು. ಮೊದಮೊದಲು ಮಂದಿಗೆ ಇದೊಂದು ಮೋಜು. ದಸ್ತಗೀರಸಾಬ ಅನ್ನುವ ಮುದುಕ ಪೇಟ ಸುತ್ತಿಕೊಂಡು, ಮೀಸೆ ತೀಡಿಕೊಂಡು ಬಂದು, ಗದಗ ಇಲ್ಲಿಂದ ಎಷ್ಟು ದೂರವೋ ಅಷ್ಟು ಜೋರಾಗಿ ಕೂಗಿ ಮಾತಾಡುತ್ತಿದ್ದ. ಹೆಂಗಸರು ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿ, ಅಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಬಾಯಿ ತೆರೆಯುತ್ತಿದ್ದರು. ತಸ್ಲೀಮ ನಕ್ಕು ಅವರನ್ನು ಕೂರಿಸಿ, ಹೇಳಿದ್ದನ್ನು ಬರೆದುಕೊಂಡು, ವಕೀಲೆಯ ಮಾತನ್ನು ಬಿಡಿಸಿ ಹೇಳಿ ಕಳಿಸುತ್ತಿದ್ದಳು. ವರ್ಷದೊಳಗೆ ಕುರ್ತಕೋಟಿಯಿಂದಲೂ ಜನ ಬರತೊಡಗಿದರು. ಒಬ್ಬಳ ಪಿಂಚಣಿ ಮತ್ತೆ ಶುರುವಾಯಿತು, ಒಬ್ಬಳ ಮಗಳ ಬಾಲ್ಯವಿವಾಹ ನಿಂತಿತು. ತಸ್ಲೀಮಳ ನಡಿಗೆಯೇ ಬದಲಾಯಿತು. ಒಂದಿಷ್ಟು ಜಂಬವೂ ಬಂತು. ಬರಲಿ ಬಿಡಿ, ಅಷ್ಟು ಪಟ್ಟವಳಿಗೆ ಅಷ್ಟಾದರೂ ಬೇಡವೇ?

ಅರ್ಜಿ ತುಂಬುವಾಗ ಪರದೆಯ ಮೇಲೆ ಒಂದು ಚೌಕ ಬರುತ್ತಿತ್ತು. ಅದರಲ್ಲಿ ಫೋನಿನ ಹತ್ತು ಅಂಕಿ ಬೀಳದ ಹೊರತು ಕಂಪ್ಯೂಟರು ಹಟಮಾರಿ ಎತ್ತಿನಂತೆ ಅಲ್ಲೇ ನಿಂತುಬಿಡುತ್ತಿತ್ತು. ಈ ಕಡೆಯ ಹಳ್ಳಿಯ ಹೆಂಗಸಿಗೆ ‘ನಿನ್ನ ಫೋನ್ ನಂಬರು ಹೇಳು’ ಎಂದರೆ ಮಿಕಿಮಿಕಿ ನೋಡುತ್ತಾಳೆ. ‘ಮನಿ ನಂಬರ ಹೇಳು’ ಎಂದರೆ ಉತ್ತರ ಸಿದ್ಧ. ಮನೆಗೊಂದೇ ನಂಬರು. ರೇಷನ್ ಕಾರ್ಡಿನ ಬೆನ್ನಿಗೆ, ಗ್ಯಾಸಿನ ಪುಸ್ತಕಕ್ಕೆ, ಮಗಳ ಶಾಲೆಯ ದಾಖಲೆಗೆ, ಎಲ್ಲದಕ್ಕೂ ಅದೇ. ಅದು ಯಾರ ಅಂಗಿಯ ಜೇಬಿನಲ್ಲಿ ರಿಂಗಣಿಸುತ್ತದೆ ಎಂದು ಯಾರೂ ಕೇಳುವುದಿಲ್ಲ. ತಸ್ಲೀಮಳ ಮನೆಯಲ್ಲೂ ಹಾಗೇ ಇತ್ತು. ತಮ್ಮ ನವಾಜನ ಜೇಬಿನ ನಂಬರೇ ಎಷ್ಟೋ ವರ್ಷ ಅವಳದೂ ಆಗಿತ್ತು. ಹಾಗಾಗಿ ಅವಳು ಬಂದವರಿಗೆಲ್ಲ ‘ಮನಿ ನಂಬರ ಹೇಳ್ರಿ’ ಎಂದೇ ಕೇಳುತ್ತಿದ್ದಳು, ಬರೆಯುತ್ತಿದ್ದಳು, ಮುಂದೆ ಹೋಗುತ್ತಿದ್ದಳು. ಅವಳ ಅರ್ಜಿಗಳಲ್ಲಿ ಒಂದೂ ಚೌಕ ಖಾಲಿ ಇರುತ್ತಿರಲಿಲ್ಲ ಎಂದು ಸಂಸ್ಥೆಯವರು ಹೊಗಳಿದ್ದರು.

ಕಡಲೆ ಹಸಿಯಾಗಿದ್ದ ದಿನಗಳಲ್ಲಿ, ಒಂದು ಶುಕ್ರವಾರ, ಅಮೃತವ್ವ ಬಂದಳು. ಅದೇ ಊರಿನವಳು, ನಲವತ್ತರ ಆಸುಪಾಸು. ಗಂಡ ಹಾವು ಕಡಿದು ಸತ್ತು ವರ್ಷವಾಗಿತ್ತು. ಗಂಡನ ಅಣ್ಣ ದೇವಪ್ಪನ ತುಂಬಿದ ಮನೆಯಲ್ಲಿ ಹನ್ನೆರಡು ಮಂದಿಗೆ ರೊಟ್ಟಿ ಬಡಿದುಕೊಂಡು ಇದ್ದಳು. ಒಬ್ಬಳೇ ಮಗಳು ಹುಲಕೋಟಿಯ ಹಾಸ್ಟೆಲಿನಲ್ಲಿ ಒಂಬತ್ತನೆಯ ಇಯತ್ತೆ ಓದುತ್ತಿದ್ದಳು. ಆ ಹುಡುಗಿ ರಜೆಗೆ ಬಂದಾಗ ಚಾವಡಿಯ, ಅಂದರೆ ತಲಾಠಿ ಕಚೇರಿಯ, ಗೋಡೆಗೆ ಅಂಟಿಸಿದ್ದ ನೋಟೀಸು ಓದಿದ್ದಾಳೆ: ಸತ್ತವನ ಪಾಲಿನ ಮೂರು ಎಕರೆ ಎರೆಹೊಲಕ್ಕೆ ಇನ್ನು ದೇವಪ್ಪನೊಬ್ಬನದೇ ಹೆಸರು ಹಾಕಲಾಗುವುದು, ತಕರಾರಿದ್ದವರು ಮೂವತ್ತು ದಿನದೊಳಗೆ ಹೇಳಬೇಕು. ಒಂಬತ್ತು ದಿನ ಆಗಲೇ ಹೋಗಿತ್ತು.

ದೇವಪ್ಪ ಕೆಟ್ಟವನೆಂದು ಊರಲ್ಲಿ ಹೆಸರಿರಲಿಲ್ಲ. ಯಾರ ಮನೆಯ ಮದುವೆಗಾದರೂ ಮೊದಲು ಹೋಗಿ ಹಂದರ ಹಾಕುವವನು ಅವನೇ. ಹೊಲ ಹೆಣ್ಣುಮಗಳ ಜೊತೆಗೆ ಇನ್ನೊಬ್ಬರ ಮನೆಗೆ ಹೋಗಬಾರದು ಅನ್ನುವುದು ಅವನ ಮಟ್ಟಿಗೆ ನ್ಯಾಯವೇ ಆಗಿತ್ತು. ಇಂಥವರನ್ನು ಕಂಡರೆ ಕಳ್ಳರೇ ವಾಸಿ ಅನ್ನಿಸುತ್ತದೆ. ಕಳ್ಳನಿಗೆ ತಾನು ಕದಿಯುತ್ತಿರುವುದು ಗೊತ್ತಿರುತ್ತದೆ.

ಅಮೃತವ್ವ ಪರದೆಯ ಮುಂದೆ ಸೆರಗು ಎಳೆದುಕೊಂಡು ಕುಳಿತಳು. ‘ಭಾವಾರ ಎದುರು ನಾ ಈತನಕ ಬಾಯಿ ತಗದಿಲ್ರಿ. ಅವರ ಮ್ಯಾಲೆ ಸಿಟ್ಟೂ ಇಲ್ಲ. ಖರೇ, ಹೊಲ ಹೋದ್ರ ನನ್ನ ಮಗಳು ಸಾಲಿ ಬಿಟ್ಟು ಆ ಒಲಿ ಮುಂದ ಬಂದು ಕುಂಡ್ರತಾಳ್ರಿ. ಅದೊಂದು ಆಗಬಾರದು.’

‘ಆಗೂದಿಲ್ಲ,’ ಎಂದರು ಹರಿಪ್ರಿಯಾ. ‘ನಿಮ್ಮ ಯಜಮಾನರ ಪಾಲು ನಿಮಗೂ ನಿಮ್ಮ ಮಗಳಿಗೂ ಸೇರಬೇಕು. ಇದರಾಗ ಯಾರ ಉಪಕಾರನೂ ಇಲ್ಲ. ತಕರಾರ ಅರ್ಜಿ ನಾ ಬರಸ್ತೀನಿ. ಒಂದೆರಡು ವಿವರ ಬೇಕು, ನಮ್ಮ ಆಫೀಸಿಂದ ಫೋನ್ ಮಾಡ್ತಾರ. ಮಂಗಳವಾರ ಇಲ್ಲಿಗೆ ಬಂದು ಹೆಬ್ಬೆಟ್ಟ ಒತ್ತಿದ್ರ ಸಾಕು. ಅಲ್ಲೀತನಕ, ನಾ ಹೇಳದ ಯಾವ ಕಾಗದಕ್ಕೂ ಒತ್ತಬ್ಯಾಡ್ರಿ.’

ಪರದೆ ಆರಿದ ಮೇಲೆ ಅಮೃತವ್ವ ಮೆಲ್ಲಗೆ ಕೇಳಿದಳು. ‘ಆಕಿ ಖರೇನ ವಕೀಲೇನ ತಂಗಿ? ಇಷ್ಟ ಸಣ್ಣಾಕಿ ಅದಾಳ!’

ತಸ್ಲೀಮ ನಗುತ್ತಲೇ ಕೊನೆಯ ಚೌಕಕ್ಕೆ ಬಂದಳು. ‘ಮನಿ ನಂಬರ ಹೇಳಕ್ಕಾ.’ ಅಮೃತವ್ವ ಸೊಂಟದ ಚೀಲದಿಂದ ರೇಷನ್ ಕಾರ್ಡು ತೆಗೆದು ಬೆನ್ನು ತೋರಿಸಿದಳು. ತಸ್ಲೀಮ ಹತ್ತು ಅಂಕಿ ಒತ್ತಿದಳು. ಕಂಪ್ಯೂಟರು ತಕರಾರಿಲ್ಲದೆ ಮುಂದೆ ಹೋಯಿತು.

ಮಂಗಳವಾರ ಅಮೃತವ್ವ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ತಸ್ಲೀಮ ಅವಳ ನಂಬರಿಗೆ ಫೋನ್ ಮಾಡಿದಳು. ಗಂಡಸಿನ ದನಿ, ಬಹಳ ಮರ್ಯಾದೆಯದು. ‘ಆಕಿ ಮುಂಡರಗಿಗೆ ತವರಮನಿಗೆ ಹೋಗ್ಯಾಳ್ರಿ. ಬಂದ ಕೂಡ್ಲೆ ಕಳಸ್ತೀನ್ರಿ.’ ತಸ್ಲೀಮ ‘ಜಲ್ದಿ ಕಳಸ್ರಿ, ದಿನ ಭಾಳ ಇಲ್ಲ’ ಎಂದು ಹೇಳಿ ಇಟ್ಟಳು. ಇಟ್ಟ ಮೇಲೂ ಅವಳಿಗೆ ಏನೂ ಅನ್ನಿಸಲಿಲ್ಲ. ಅಷ್ಟು ರೂಢಿಯಾಗಿತ್ತು. ಹೆಂಗಸರ ಅರ್ಜಿಗಳಿಗೆ ಫೋನು ಮಾಡಿದಾಗಲೆಲ್ಲ ಎತ್ತುವುದು ಗಂಡಸರೇ.

ಇನ್ನೊಂದು ಮಂಗಳವಾರ, ಇನ್ನೊಂದು ಶುಕ್ರವಾರ ಹೋಯಿತು. ಇಪ್ಪತ್ತೇಳನೆಯ ದಿನ, ಮಂಗಳವಾರ ಬೆಳಿಗ್ಗೆ, ತಡೆಯಲಾರದೆ ಅಮೃತವ್ವನ ಅರ್ಜಿಯನ್ನು ಪರದೆಯ ಮೇಲೆ ತೆರೆದಳು. ‘ಅರ್ಜಿದಾರರ ಕೋರಿಕೆಯಂತೆ ಮುಕ್ತಾಯ’ ಎಂದಿತ್ತು. ಅದರ ಕೆಳಗೆ, ‘ಸೇವೆಯ ಬಗ್ಗೆ ಅಭಿಪ್ರಾಯ: ಬಹಳ ತೃಪ್ತಿಯಾಗಿದೆ’ ಎಂದು ಐದು ಹಳದಿ ಚಿಕ್ಕೆಗಳು.

ಅವಳು ಹರಿಪ್ರಿಯಾರ ಕಚೇರಿಯ ಗುಮಾಸ್ತ ಜಯಂತನಿಗೆ ಫೋನ್ ಮಾಡಿದಳು.

‘ಹೌದ್ರಿ, ನಾನ ಮಾತಾಡಿದ್ದೆ,’ ಎಂದ ಜಯಂತ. ‘ಅರ್ಜಿ ವಿಷಯ ಎಲ್ಲಾ ಹೇಳಿ, ಮರಣದ ದಾಖಲೆ ತರ್ರಿ ಅಂದಿದ್ದೆ. ನಾಕ ದಿನ ಬಿಟ್ಟು ಅವರ ಫೋನ್ ಮಾಡಿ, ಮನ್ಯಾಗ ರಾಜಿ ಆತು, ಬಂದ್ ಮಾಡ್ರಿ ಅಂದ್ರು. ನಂಬರಿಗೆ ಕೋಡ್ ಕಳಿಸಿದ್ವಿ. ಓದಿ ಹೇಳಿದ್ರು.’

‘ಮಾತಾಡಿದವರು ಗಂಡಸರೋ, ಹೆಂಗಸರೋ?’

‘ಗಂಡಸರು. ಎಲ್ಲಾರ ಮನ್ಯಾಗೂ ಗಂಡಸರ ಮಾತಾಡ್ತಾರಲ್ರಿ ಅಕ್ಕಾರ.’

ತಸ್ಲೀಮ ಫೋನು ಇಟ್ಟು, ತಾನು ಬರೆದ ಆ ಹತ್ತು ಅಂಕಿಯನ್ನು ಮತ್ತೆ ಓದಿದಳು. ಯಾರ ಮೇಲೆ ತಕರಾರೋ ಅವನ ಜೇಬಿಗೇ ತಕರಾರನ್ನು ತಾನೇ ಹಾಕಿ ಕಳಿಸಿದ್ದಳು. ಅಮೃತವ್ವ ಏನು ಹೇಳಿದಳು, ವಕೀಲರು ಏನು ಮಾಡಲಿದ್ದಾರೆ, ಯಾವ ದಿನ, ಯಾವ ಕಾಗದ, ಎಲ್ಲವನ್ನೂ ದೇವಪ್ಪ ಕೂತಲ್ಲೇ ಕೇಳಿಸಿಕೊಂಡಿದ್ದ. ಅವನು ಪತ್ತೆ ಹಚ್ಚಲು ಒದ್ದಾಡಬೇಕಾಗಿಯೂ ಇರಲಿಲ್ಲ. ಎಲ್ಲವೂ ಮನೆ ಬಾಗಿಲಿಗೇ ಬಂದಿತ್ತು.

ಕೋಣೆಗೆ ಕೀಲಿ ಹಾಕಿ ಅವಳು ದೇವಪ್ಪನ ಮನೆಗೆ ಓಡಿದಳು. ಕಟ್ಟೆಯ ಮೇಲೆ ದೇವಪ್ಪನ ಹೆಂಡತಿ ಹಾಗಲಕಾಯಿ ಹೆಚ್ಚುತ್ತಿದ್ದಳು. ‘ಅವರು ಊರಾಗಿಲ್ಲ. ಆಕಿನೂ ಇಲ್ಲ, ಮುಂಡರಗ್ಯಾಗ ಅದಾಳ. ಯಾಕ?’ ಎಂದಳು. ಆ ‘ಯಾಕ’ದಲ್ಲಿ ಎಲ್ಲ ಗೊತ್ತಿತ್ತು.

ಮರುದಿನ ಮೊದಲ ಬಸ್ಸಿಗೆ ತಸ್ಲೀಮ ಶಿರಹಟ್ಟಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಮುಂಡರಗಿಗೆ ಹೋದಳು. ದಾರಿಯುದ್ದಕ್ಕೂ ತನ್ನ ಮೊಬೈಲಿನಲ್ಲಿ ಹಳೆಯ ಅರ್ಜಿಗಳ ಪಟ್ಟಿ ತೆರೆದು ನೋಡುತ್ತ ಹೋದಳು. ಗಂಡನ ಹೊಡೆತದ ಮೇಲೆ ಅರ್ಜಿ ಕೊಟ್ಟವಳ ನಂಬರು ಯಾರದು? ಮಾವನ ಮೇಲೆ ಕೊಟ್ಟವಳದು? ಅಲ್ಮಾಸಬಿ ಎಂಬ ಹುಡುಗಿ ಎರಡು ಸಲ ಬಂದು ಮೂರನೆಯ ಸಲ ಬರಲೇ ಇಲ್ಲ. ಆ ಹುಡುಗಿಗೆ ಮನೆಯಲ್ಲಿ ಏನಾಯಿತು? ಬರೆದವಳು ನಾನೇ ಅಲ್ಲವೇ, ಎಲ್ಲವನ್ನೂ? ಪಕ್ಕದಲ್ಲಿ ಕೂತ ಹೆಂಗಸು ‘ಮೈ ಹುಷಾರಿಲ್ಲೇನವಾ?’ ಎಂದು ಕೇಳಿದಳು. ತಸ್ಲೀಮ ಹಾಗೇನೂ ಇಲ್ಲವೆಂದು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದಳು.

ಮುಂಡರಗಿಯಲ್ಲಿ ಅಮೃತವ್ವನ ತಾಯಿ ಸಿಕ್ಕಳು. ಮುದುಕಿಯ ಮುಖದಲ್ಲಿ ಗೆಲುವಿತ್ತು.

‘ನಿನ್ನೆ ಮುಂಜಾನೆನ ಆಕಿ ಭಾವ ಜೀಪ್ ತೊಗೊಂಡು ಬಂದಿದ್ದ. ಗದಗಿನ ವಕೀಲಮ್ಮ ಕರಿಸ್ಯಾಳ, ಹೆಬ್ಬೆಟ್ಟ ಒತ್ತಬೇಕಂತ ಅಂದ. ಎಂದೂ ಮಾತಾಡದವ ಬಾಯಿ ತುಂಬ ಮಾತಾಡಿದ. ನೀನೇನವಾ ಆ ಕಂಪ್ಯೂಟರದಾಕಿ? ನಿನ್ನ ಹೆಸರ ಹೇಳಿ ದೀಪಾ ಹಚ್ಚೇನಿ.’

ಮಂಗಳವಾರ ತಾನು ದೇವಪ್ಪನ ಮನೆಯ ಕಟ್ಟೆಯ ಮುಂದೆ ನಿಂತು ಹಾಗಲಕಾಯಿ ಹೆಚ್ಚುವುದನ್ನು ನೋಡುತ್ತಿದ್ದಾಗಲೇ ಅಮೃತವ್ವ ಗದಗದ ನೋಂದಣಿ ಕಚೇರಿಯಲ್ಲಿ ಹಕ್ಕು ಬಿಟ್ಟುಕೊಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಮುಗಿಸಿದ್ದಳೆಂದು ತಸ್ಲೀಮಳಿಗೆ ಹೊಳೆಯಿತು. ಅವಳು ಮುದುಕಿಗೆ ಕೈಮುಗಿದು ಹೊರಬಿದ್ದಳು. ಬಸ್‌ಸ್ಟ್ಯಾಂಡಿನ ಕಲ್ಲಿನ ಬೆಂಚಿನ ಮೇಲೆ ಕುಳಿತು ಹರಿಪ್ರಿಯಾರಿಗೆ ಫೋನ್ ಮಾಡಿ, ನಡೆದದ್ದೆಲ್ಲ ಒದರಿದಳು.

‘ಅಳಬ್ಯಾಡ್ರಿ,’ ಎಂದರು ಹರಿಪ್ರಿಯಾ. ‘ಮೋಸದಿಂದ ಬರಿಸಿಕೊಂಡ ಕಾಗದ ಅಂತ ಕೋರ್ಟಿಗೆ ಹೋಗಬಹುದು. ಆದ್ರ ವರ್ಷಗಟ್ಟಲೆ ಹಿಡಿತೈತಿ. ಅದಕ್ಕೂ ಮೊದಲ, ಶುಕ್ರವಾರ ಸಂಜಿಯೊಳಗ ನಿಮ್ಮೂರ ಚಾವಡಿಯಾಗ ತಕರಾರ ಅರ್ಜಿ ಬೀಳಬೇಕು. ಬಿದ್ರ ಖಾತೆ ಬದಲಾಗೂದು ನಿಲ್ತೈತಿ, ಕೇಸಿಗೂ ಜೀವ ಇರ್ತೈತಿ. ಬೀಳಲಿಲ್ಲ ಅಂದ್ರ, ಆಕಿ ಖುಷಿಲೆ ಬಿಟ್ಟುಕೊಟ್ಟಾಳ ಅಂತ ಅವರು ಹೇಳ್ತಾರ. ನಾ ಅರ್ಜಿ ಕಳಸ್ತೀನಿ, ಆಕಿ ಹೆಬ್ಬೆಟ್ಟ ತೊಗೊಳ್ರಿ. ಏನಾರ ಮಾಡ್ರಿ.’

ಗುರುವಾರ ಮಧ್ಯಾಹ್ನ ಅಮೃತವ್ವ ತಾನಾಗಿಯೇ ಕೋಣೆಗೆ ಬಂದಳು. ಸೆರಗಿನಲ್ಲಿ ಹಸಿ ಕಡಲೆಗಿಡದ ಕಟ್ಟು. ಮೇಜಿನ ಮೇಲಿಟ್ಟು, ‘ನಮ್ಮ ಹೊಲದ್ದು, ನಿನ್ನ ಮಗಳಿಗೆ ಕೊಡು,’ ಎಂದಳು. ಅವಳು ಅಷ್ಟು ಚಂದ ನಗುತ್ತಾಳೆಂದು ತಸ್ಲೀಮಳಿಗೆ ಗೊತ್ತಿರಲಿಲ್ಲ.

‘ನಿನ್ನ ಫೋನ್ ಬಂತಂತಲ್ಲ, ಭಾವಾರು ಹೇಳಿದ್ರು. ಅವರ ಮನಸ್ಸನ್ನ ತಿರಿಗಿಸಿದಿ ನೋಡು ನೀನು! ವಕೀಲಮ್ಮ ಕರಿಯೂತನಕ ತವರಮನ್ಯಾಗ ಇರು ಅಂದಿದ್ರು, ಅದಕ್ಕ ನಾ ಮಂಗಳವಾರ ಬರಲಿಲ್ಲ. ಗದಗಿನ್ಯಾಗ ನಿಮ್ಮಲ್ಲಿ ಇದ್ದಂಥಾದ್ದ ಕ್ಯಾಮೆರಾ ಇತ್ತು, ಇಂಥಾದ್ದ ಕೆಂಪ ಗಾಜು. ಇದು ವಕೀಲಮ್ಮನ ಕಾಗದ ಹೌದಲ್ರಿ ಅಂತ ನಾನ ಎರಡ ಸಲ ಭಾವಾರನ್ನ ಕೇಳಿದೆ. ಹೌದು, ಸೊರಟೂರ ತಸ್ಲೀಮ ಕಳಿಸಿದ್ದು ಅಂದ್ರು. ನಿನ್ನ ಹೆಸರ ಹೇಳಿದ ಮ್ಯಾಲೆ ನಾ ಒತ್ತಿದೆ.’

ತಸ್ಲೀಮ ಎದ್ದು ಬಾಗಿಲು ಮುಂದೆ ಮಾಡಿದಳು. ಎದುರು ಕುಳಿತು, ಅಮೃತವ್ವನ ಎರಡೂ ಕೈ ಹಿಡಿದುಕೊಂಡು, ಇದ್ದದ್ದನ್ನು ಇದ್ದಹಾಗೆ ಹೇಳಿದಳು. ನಂಬರು ಬರೆದದ್ದು, ಫೋನು ಹೋದದ್ದು, ರಾಜಿಯಾಯಿತೆಂದು ದೇವಪ್ಪ ಅರ್ಜಿ ಮುಚ್ಚಿಸಿದ್ದು, ಗದಗದ ಕಾಗದದಲ್ಲಿ ಏನಿತ್ತು ಅನ್ನುವುದು. ‘ನಾನ ಬರದೆ ಅಕ್ಕಾ, ಆ ನಂಬರ. ಯಾರದು ಅಂತ ಒಂದು ಮಾತು ಕೇಳಲಿಲ್ಲ,’ ಎಂದಳು. ಅಮೃತವ್ವ ನಂಬಲಿಲ್ಲ. ತಸ್ಲೀಮ ಮೊಬೈಲಿನಲ್ಲಿ ಹರಿಪ್ರಿಯಾರ ಮುಖ ತೋರಿಸಿದಳು. ಹರಿಪ್ರಿಯಾ ಅದನ್ನೇ ಮತ್ತೊಮ್ಮೆ ಹೇಳಿ, ‘ನಾ ನಿಮ್ಮನ್ನ ಕರಿಸಿರಲಿಲ್ಲ ಅಮೃತವ್ವಾರ,’ ಎಂದರು. ಅಮೃತವ್ವ ಆ ಮುಖವನ್ನೇ ನೋಡುತ್ತ ಕುಳಿತಳು.

‘ಈಗ ಏನ ಮಾಡಬೇಕು?’

‘ಈ ಅರ್ಜಿಗೆ ಹೆಬ್ಬೆಟ್ಟ ಒತ್ತಕ್ಕಾ. ನಾಳಿ ಸಂಜಿತನಕ ಟೈಮ್ ಐತಿ. ಮುಂದಿನ ಕೇಸು ವಕೀಲರು ನೋಡಿಕೊಳ್ತಾರ.’

ಅಮೃತವ್ವ ಅರ್ಜಿಯನ್ನು ಮುಟ್ಟಲಿಲ್ಲ. ಅವಳ ದನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

‘ವಕೀಲಮ್ಮ ಒಳ್ಳ್ಯಾಕಿ. ಆದ್ರ ಆಕಿ ಅಲ್ಲಿ, ಫೋನಿನ್ಯಾಗ ಅದಾಳ. ನಾ ಇದಕ್ಕ ಒತ್ತಿದ್ರ ನಾಳಿಗೆ ಭಾವಾರಿಗೆ ಗೊತ್ತಾಗತೈತಿ. ಗೊತ್ತಾದ ಮ್ಯಾಲೆ ನಾ ಯಾವ ಮನಿಗೆ ಹೋಗಲಿ? ತವರಮನ್ಯಾಗ ತಮ್ಮ ಇಟ್ಟುಕೊಳ್ಳಾಂಗಿಲ್ಲ. ವರ್ಷಗಟ್ಟಲೆ ಕೇಸು ಅಂದ್ರ, ವರ್ಷಗಟ್ಟಲೆ ಎಲ್ಲಿ ಉಣ್ಣಲಿ, ಎಲ್ಲಿ ಮಲಗಲಿ?’ ಅವಳು ತಲೆಯೆತ್ತಿ ತಸ್ಲೀಮಳನ್ನು ನೇರ ನೋಡಿದಳು. ‘ನಿನ್ನ ಮನ್ಯಾಗ ನನಗೂ ನನ್ನ ಮಗಳಿಗೂ ಜಾಗ ಐತೇನ ತಂಗಿ?’

ಎರಡು ಕೋಣೆಯ ಮನೆ ತಸ್ಲೀಮಳ ಕಣ್ಣ ಮುಂದೆ ಬಂತು. ನವಾಜ, ಅವನ ಹೆಂಡತಿ, ಹಾಸಿಗೆ ಹಿಡಿದ ತಂದೆ. ಬಾಗಿಲಿಗೆ ಬಂದು ನಿಲ್ಲುವ ದೇವಪ್ಪನ ಮಂದಿ ಕಂಡರು. ಹಿಂದೂ ಮನೆಯ ವಿಧವೆಯನ್ನೂ ವಯಸ್ಸಿಗೆ ಬಂದ ಹುಡುಗಿಯನ್ನೂ ಸಾಬರ ಮನೆಯಲ್ಲಿ ಇಟ್ಟುಕೊಂಡಿದ್ದಾರೆಂದು ಊರು ಆಡುವ ಮಾತು ಕೇಳಿಸಿತು. ನೂರೀನ ಶಾಲೆಗೆ ಹೋಗುವ ದಾರಿ ಕಂಡಿತು. ಇಷ್ಟೆಲ್ಲ ಕಾಣಲು ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು. ಅಮೃತವ್ವ ಆ ಉಸಿರನ್ನು ನೋಡಿದಳು.

‘ಇರಲಿ ಬಿಡು,’ ಎಂದು ಎದ್ದಳು. ‘ರೊಟ್ಟಿ ಹೊತ್ತಾತು.’

ಬಾಗಿಲು ತೆರೆದುಕೊಂಡು ಹೋದಳು. ತಸ್ಲೀಮ ಬಾಗಿಲತನಕ ಎದ್ದು ಹೋಗಿ ಅಲ್ಲೇ ನಿಂತಳು.

ಅಂದು ಮನೆಗೆ ಹೋದವಳು ಊಟ ಮಾಡಲಿಲ್ಲ. ತಂದೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದಳು. ಮಾಶಾಕಸಾಬರು ಕಣ್ಣು ಮುಚ್ಚಿಕೊಂಡೇ ಕೇಳಿದರು. ‘ನೀ ಏನಂದಿ?’ ಎಂದರು. ‘ಏನೂ ಅನ್ನಲಿಲ್ಲ ಅಬ್ಬಾ,’ ಎಂದಳು. ಬೆಳಗಾದ ಮೇಲೆ ಮುದುಕರು ನವಾಜನನ್ನು ಕರೆದು, ಪಡಸಾಲೆಯಲ್ಲಿದ್ದ ತಮ್ಮ ಕಲಾಯಿ ಸಾಮಾನುಗಳನ್ನು ಹಿತ್ತಲಿಗೆ ಹಾಕಲು ಹೇಳಿದರು. ನವಾಜ ಗೊಣಗಿದ, ಅವನ ಹೆಂಡತಿ ಪಾತ್ರೆ ಕುಕ್ಕಿದಳು, ಆದರೂ ಮಧ್ಯಾಹ್ನದ ಹೊತ್ತಿಗೆ ಇಬ್ಬರು ಮಲಗುವಷ್ಟು ಜಾಗವಾಯಿತು.

ಶುಕ್ರವಾರ ಮೂರು ಗಂಟೆಗೆ ತಸ್ಲೀಮ ಅರ್ಜಿಯನ್ನೂ ಮಸಿಯ ಡಬ್ಬಿಯನ್ನೂ ಹಿಡಿದುಕೊಂಡು ದೇವಪ್ಪನ ಮನೆಗೆ ಹೋದಳು. ಚಾವಡಿ ಮುಚ್ಚಲು ಇನ್ನೂ ಎರಡೂವರೆ ತಾಸು ಇತ್ತು. ದೇವಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಸ್ವಲ್ಪವೂ ಗಡಬಡಿಸಲಿಲ್ಲ.

‘ಬರ್ರಿ, ಕುಂಡ್ರಿ,’ ಎಂದ. ‘ಏ, ಚಾ ತೊಗೊಂಡು ಬಾ ಅನ್ನು ಆಕೀಗೆ.’

ಅಮೃತವ್ವ ಚಹಾ ತಂದಳು. ಕಣ್ಣು ಬಾತಿದ್ದವು. ಬಟ್ಟಲನ್ನು ತಸ್ಲೀಮಳ ಮುಂದೆ ಇಡಲು ಬಗ್ಗಿದಳು. ತಸ್ಲೀಮ ದೇವಪ್ಪನ ಎದುರಿಗೇ, ಕೇರಿಗೆಲ್ಲ ಕೇಳುವಂತೆ ಹೇಳಿದಳು.

‘ಜಾಗ ಐತಿ ಅಕ್ಕಾ. ಹಾಸಿಗಿ ಹಾಸಿ ಬಂದೇನಿ. ಮಗಳನ್ನೂ ಕರಕೊಂಡು ಬಾ. ಈಗಿಂದೀಗ ನನ್ನ ಕೂಡ ನಡಿ.’

ದೇವಪ್ಪ ನಕ್ಕ. ‘ಎಲ್ಲಿಗೆ ನಡಿ ಅಂತೀರಿ ಬಾಯಾರ? ಆಕಿ ಮನಿ ಇದ ಅಲ್ಲೇನು? ಮಗಳೂ ಇಲ್ಲೇ ಅದಾಳ. ಆಕಿ ನಿಮ್ಮ ಕೋಣಿಗೆ ಹೋಗಿ ಬಂದದ್ದು ಗೊತ್ತಾತು, ನಿನ್ನೆ ಸಂಜೀಕ ಹಾಸ್ಟೆಲಿನಿಂದ ಕರಕೊಂಡು ಬಂದೆ. ಸಾಲಿ ಕಲತದ್ದು ಸಾಕು.’

ತಸ್ಲೀಮ ಒಳಗೆ ನೋಡಿದಳು. ನಡುಮನೆಯ ಆಚೆ, ಒಲೆಯ ಮುಂದೆ, ಶಾಲೆಯ ನೀಲಿ ಲಂಗದಲ್ಲೇ ಒಬ್ಬ ಹುಡುಗಿ ರೊಟ್ಟಿ ಬಡಿಯುತ್ತಿದ್ದಳು. ತಾಯಿ ಮಗಳ ಕಡೆ ತಿರುಗಲಿಲ್ಲ. ಬಗ್ಗಿದಲ್ಲಿಂದಲೇ, ತಸ್ಲೀಮಳಿಗೊಬ್ಬಳಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದಳು.

‘ನಿನ್ನೆ ಅಂದಿದ್ರ ಬರತಿದ್ದೆ, ತಂಗಿ.’

ಬಟ್ಟಲು ಇಟ್ಟು ಒಳಗೆ ಹೋದಳು. ದೇವಪ್ಪ ‘ಕುಡೀರಿ, ಆರತೈತಿ’ ಎಂದ. ತಸ್ಲೀಮ ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು, ಚಾವಡಿ ಮುಚ್ಚುವ ಹೊತ್ತಿನವರೆಗೂ ಆ ಕಟ್ಟೆಯ ಮೇಲೆ ಕುಳಿತೇ ಇದ್ದಳು.